ಮುದಿ ಇಂಜಿನ್ನಿನ ಸಾಕ್ಷಿ

ಹೊಸ ಇಂಜಿನ್ ಬರುತ್ತದೆ, ಅದನ್ನು ಗ್ಲಾಡ್ವಿನ್ ನಡೆಸುತ್ತಾನೆ ಎಂದು ವಾಗಿ ಎಂಬ ಊರ ಹಿರಿಯ ಸಭೆಯಲ್ಲಿ ಹೇಳಿದಾಗ ಕಿಡೋ ಎದ್ದು ನಿಲ್ಲಲಿಲ್ಲ. ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ. ಸಂಬೋರಾ ಊರಿನ ದೋಣಿಯನ್ನು ಹನ್ನೊಂದು ವರ್ಷ ನಡೆಸಿದವನು ಅವನು. ಗ್ಲಾಡ್ವಿನ್ ವಾಗಿಯ ಅಳಿಯ. ರಾಜಧಾನಿ ಹೊನಿಯಾರಾದಲ್ಲಿ ಎರಡು ತಿಂಗಳು ಕೂತು ಇಂಜಿನ್ ಕೆಲಸದ ಒಂದು ಪ್ರಮಾಣಪತ್ರ ತಂದಿದ್ದ. ಅದನ್ನು ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಹೊಡೆದುಕೊಂಡಿದ್ದ. ಕಾಗದಕ್ಕೆ ಇರುವ ಬೆಲೆ ಕೈಗೆ ಇಲ್ಲವಲ್ಲ ಎಂದು ಕಿಡೋನ ಹೊಟ್ಟೆ ಉರಿಯಿತು.

ಹಳೆಯ ನಲವತ್ತು ಕುದುರೆಶಕ್ತಿಯ ಇಂಜಿನ್ನನ್ನು ಅವನು ಮುದುಕಿ ಎಂದೇ ಕರೆಯುತ್ತಿದ್ದ. ಅದರ ಒಂದು ಭಾಗವೂ ಹುಟ್ಟಿದಾಗಿನದಲ್ಲ. ಬಿಸ್ಕತ್ತಿನ ರಟ್ಟಿನಿಂದ ಗ್ಯಾಸ್ಕೆಟ್ ಕತ್ತರಿಸಿದ್ದ, ಮನೆ ಕಟ್ಟುವ ಮೊಳೆಯಿಂದ ನೀರು ತಳ್ಳುವ ಪಂಖದ ಪಿನ್ನು ಮಾಡಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಅದನ್ನು ಹೊತ್ತು ತಂದು ಮನೆಯೊಳಗೇ ಇಡುತ್ತಿದ್ದ. ಊರಿನವರಿಗೆ ನಗಲು ಅಷ್ಟು ಸಾಕಾಗಿತ್ತು.

ಆದರೆ ಹೋದ ವರ್ಷದಿಂದ ಆ ನಗು ನಿಂತಿತ್ತು. ಮಹಿಳಾ ಸಂಘದ ಮುಖ್ಯಸ್ಥೆ ಮಿರಿಯಾಮಳ ಮಗಳು ಜೋಲಿನಾಗೆ ಹೆರಿಗೆ ನೋವು ಬಂದು ಆಸ್ಪತ್ರೆಗೆ ಹೊರಟಾಗ, ಹವಳದ ದಿಬ್ಬದ ನಡುವೆ ಹೊರಗಡಲಿಗೆ ದಾರಿಯಾದ ಕಂಡಿಯಲ್ಲೇ ಇಂಜಿನ್ ನಿಂತಿತು. ಕಿಡೋ ಮೂರು ಗಂಟೆ ಇಂಜಿನ್ ಹೊತ್ತಿಸುವ ಹಗ್ಗ ಎಳೆದ. ಮಗು ಉಳಿಯಲಿಲ್ಲ. ಅವನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಈಗ ಜೋಲಿನಾ ಮತ್ತೆ ಆರು ತಿಂಗಳ ಬಸುರಿ. ಕಡಲಸೌತೆ ಎಂಬ ಬೆಲೆಬಾಳುವ ಕಡಲಜೀವಿಯನ್ನು ಹಿಡಿಯಲು ಐದು ವರ್ಷಗಳಿಂದ ಇದ್ದ ನಿಷೇಧವನ್ನು ಹತ್ತು ದಿನ ಸಡಿಲಿಸಿದ್ದೇ ತಡ, ಇಡೀ ಊರು ದಿಬ್ಬದ ಈಚೆಯ ಒಳಗಡಲಿಗೆ ಧುಮುಕಿತು. ಮಿರಿಯಾಮಳ ಮಹಿಳಾ ಸಂಘ ಅವನ್ನು ಬೇಯಿಸಿ, ಹೊಗೆಗಿಟ್ಟು, ಹದಿನೆಂಟು ಮೂಟೆ ಕಟ್ಟಿತು. ಆ ಮೂಟೆಗಳು ನೋರೊ ಪಟ್ಟಣಕ್ಕೆ ಹೋಗಿ ಮಾರಾಟವಾದರೆ ಹೊಸ ಇಂಜಿನ್, ಹೊಸ ಇಂಜಿನ್ ಬಂದರೆ ಜೋಲಿನಾಳ ಕೂಸಿಗೆ ಆಸ್ಪತ್ರೆ. ಮುದುಕಿ ಕೊನೆಯ ಸಲ ಓಡಬೇಕಾಗಿದ್ದದ್ದು ಆ ಮೂಟೆಗಳನ್ನು ಹೊತ್ತುಕೊಂಡು. ತನ್ನ ಗೋರಿಗೆ ತಾನೇ ಮಣ್ಣು ಹೊರುವ ಕೆಲಸ ಎಂದು ಕಿಡೋಗೆ ಅನಿಸಿತು.

ಹೊಸ ಇಂಜಿನ್ ಇದ್ದರೂ ಮಕ್ಕಳು ಸಾಯುತ್ತವೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದನ್ನು ಮೂರು ಸಲ ಹೇಳಿಕೊಳ್ಳಬೇಕಾಯಿತು. ಆಮೇಲೆ ಯೋಜನೆ ಸರಾಗವಾಗಿ ಕೂಡಿಬಂತು.

ಯೋಜನೆಯ ಚೆಲುವೆಂದರೆ, ಅದರಲ್ಲಿ ಸುಳ್ಳು ಬಹಳ ಕಡಿಮೆ. ಮುದುಕಿ ಕೈಕೊಡುತ್ತಾಳೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಹೊರಗಡಲಲ್ಲಿ ಇಂಜಿನ್ ನಿಂತು, ದೋಣಿ ಅಡ್ಡ ತಿರುಗಿ, ನೀರು ತುಂಬಿದರೆ ಯಾವ ದೋಣಿಗಾರನಾದರೂ ಸರಕು ಎಸೆದು ಜೀವ ಉಳಿಸಿಕೊಳ್ಳುತ್ತಾನೆ. ಎಸೆದ ಜಾಗ ಯಾವುದೆಂದು ಕೇಳಿದರೆ ತೋರಿಸಲು ಕಂಡಿಯಾಚೆಯ ಕಪ್ಪುನೀರಿದೆ. ಅಲ್ಲಿ ಯಾವ ಮುಳುಗುಗಾರನಿಗೂ ತಳ ಸಿಗದು. ಫೋನಿನ ಸಿಗ್ನಲ್ ಅಲ್ಲಿಲ್ಲ. ಮೂಟೆಗಳು ಮಾತ್ರ ಪಶ್ಚಿಮದ ನಿರ್ಜನ ನಡುಗಡ್ಡೆಯ ಕೊಬ್ಬರಿ ಒಣಗಿಸುವ ಹಳೆಯ ಗೂಡಿನಲ್ಲಿ ಬೆಚ್ಚಗಿರುತ್ತವೆ. ಬುಧವಾರ ಸರಕು ಹಡಗಿನ ಅಡುಗೆಯವನೊಬ್ಬ ಬಂದು ಹಣ ಕೊಟ್ಟು ಒಯ್ಯುತ್ತಾನೆ. ಆಮೇಲೆ ನೋರೊದಲ್ಲಿ ಕಿಡೋನದೇ ಒಂದು ರಿಪೇರಿ ಅಂಗಡಿ, ಬಾಗಿಲ ಮೇಲೆ ಅವನದೇ ಹೆಸರು.

ದಿನವನ್ನೂ ಅವನು ಯೋಚಿಸಿಯೇ ಆರಿಸಿದ. ಗುರುವಾರ ಹೊರಟು ಶನಿವಾರ ಮರಳುವುದು. ಶನಿವಾರ ಈ ಊರಿನ ಪಂಗಡಕ್ಕೆ ಸಬ್ಬತ್, ಕೆಲಸ ಮುಟ್ಟಬಾರದ ದಿನ; ಊರಿನವರೆಲ್ಲ ಬಿಳಿ ಅಂಗಿ ತೊಟ್ಟು ಚರ್ಚಿನಲ್ಲಿರುತ್ತಾರೆ, ಸಂಜೆಯವರೆಗೆ ಒಬ್ಬನೂ ಸ್ಪ್ಯಾನರ್ ಮುಟ್ಟುವುದಿಲ್ಲ. ಜನ ಮೊದಲು ಅವನ ಕತೆ ಕೇಳಿ ಅಳಬೇಕು, ಇಂಜಿನ್ ನೋಡುವುದು ಆಮೇಲೆ. ಅತ್ತು ಒದ್ದೆಯಾದ ಕಣ್ಣು ಅಷ್ಟು ಚುರುಕಾಗಿ ನೋಡುವುದಿಲ್ಲ.

ಗುರುವಾರ ಬೆಳಿಗ್ಗೆ ದಕ್ಕೆಯ ಮೇಲೆ ಎಲ್ಲರ ಕಣ್ಣೂ ತನ್ನ ಮೇಲೇ ಇದ್ದಂತೆ ಅವನಿಗೆ ತೋರಿತು. ಗ್ಲಾಡ್ವಿನ್ ಹೊಸ ಡ್ರಮ್ಮಿನ ಪೆಟ್ರೋಲನ್ನು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿ ಟ್ಯಾಂಕಿಗೆ ತುಂಬಿಸಿದ. ಏಕೆ ಎರಡು ಸಲ? ಇವನಿಗೇನಾದರೂ ವಾಸನೆ ಬಡಿದಿದೆಯೆ?

"ಅಣ್ಣಾ, ನಾನೂ ಬರ್ತೀನಿ," ಎಂದ ಗ್ಲಾಡ್ವಿನ್.

"ಬಾರಪ್ಪ, ಬಾ. ನಿನ್ನ ಪ್ರಮಾಣಪತ್ರಾನೂ ತಗೊಂಡು ಬಾ. ಮೂರು ಮೂಟೆ ಇಳಿಸ್ತೀನಿ, ನೀವಿಬ್ರೂ ಆರಾಮಾಗಿ ಕೂತ್ಕೊಳ್ಳಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಗ್ಲಾಡ್ವಿನ್ ಕೆಂಪಾಗಿ ಹಿಂದೆ ಸರಿದ. ಮಿರಿಯಾಮ ಮಾತ್ರ ನಗಲಿಲ್ಲ. ಅವಳು ಒಂದು ಎಲೆಕಟ್ಟು ಹಿಡಿದು ಬಂದಳು. ಒಳಗೆ ಬೇಯಿಸಿದ ಮರಗೆಣಸಿನ ಕಡುಬು ಇತ್ತು.

"ದಾರಿಗೆ ಇಟ್ಕೋ. ಕಂಡಿಲಿ ಹುಷಾರು ಕಣೋ, ಕಿಡೋ."

"ನಂಗೆ ಗೊತ್ತಿಲ್ದೇ ಇರೋ ಕಂಡೀನಾ, ಮಿರಿಯಾಮಕ್ಕಾ?"

"ನಿಂಗೆ ಗೊತ್ತು. ಅದಕ್ಕೇ ಹೇಳ್ದೆ."

ಈ ಮಾತನ್ನು ಅವನು ದಾರಿಯುದ್ದಕ್ಕೂ ತಿರುವಿಹಾಕಿದ. ಮಗು ಸತ್ತದ್ದನ್ನು ಚುಚ್ಚಿ ತೋರಿಸಿದಳೆ? ಏನಾದರೂ ಊಹಿಸಿದ್ದಾಳೆಯೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಇವನದು ಇನ್ನೂ ಕದಿಯುವ ಮೊದಲೇ ಹುಳ್ಳಗಾಗಿತ್ತು. ಕಡುಬನ್ನು ಮಾತ್ರ ತಿಂದ.

ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಮೂಟೆಗಳೂ ಕೊಬ್ಬರಿ ಗೂಡಿನ ಅಟ್ಟ ಸೇರಿದವು. ಅವನು ಮರಳ ಮೇಲಿನ ಹೆಜ್ಜೆಗಳನ್ನು ಸೋಗೆಯಿಂದ ಗುಡಿಸಿದ. ದೋಣಿಯನ್ನು ಆಳಕ್ಕೆ ತಂದು ಕೆಲಸಕ್ಕೆ ಕುಳಿತ. ಇಂಜಿನ್ ನಿಂತಿತೆಂದು ಸುಳ್ಳು ಹೇಳಿದರೆ ಗ್ಲಾಡ್ವಿನ್ ಒಂದೇ ಏಟಿಗೆ ಹಗ್ಗ ಎಳೆದು ಹೊತ್ತಿಸಿಬಿಟ್ಟಾನು. ಅದು ನಿಜವಾಗಿಯೇ ನಿಲ್ಲಬೇಕು, ನಿಜವಾಗಿಯೇ ಹಟ ಹಿಡಿಯಬೇಕು. ಅದಕ್ಕೆ ಅವನು ಆರಿಸಿದ್ದು ನೀರು. ಪೆಟ್ರೋಲಿಗಿಂತ ಭಾರವಾದ ನೀರು ಟ್ಯಾಂಕಿನ ತಳಕ್ಕಿಳಿಯುತ್ತದೆ. ಕೊಳವೆ ಹೀರುವುದೂ ತಳದಿಂದಲೇ. ಅಲೆಯೊಂದು ದೋಣಿಯೊಳಗೆ ಒಡೆದು, ಸಡಿಲಾಗಿದ್ದ ಮುಚ್ಚಳ ಹಾರಿಸಿ, ಟ್ಯಾಂಕಿಗೆ ನುಗ್ಗಿತು ಎಂದರೆ ನಂಬದವರಾರು?

ಮುಚ್ಚಳ ಬಿಚ್ಚಿ, ಬಾಟಲಿ ಬಗ್ಗಿಸಿ, ಲೆಕ್ಕ ಹಾಕಿ ಒಂದೂವರೆ ಲೀಟರು ಸುರಿದ. ಇಂಜಿನ್ ಹೊತ್ತಿಸಿದ. ಮುದುಕಿ ಒಂದು ನಿಮಿಷ ಚೆನ್ನಾಗಿಯೇ ಓಡಿದಳು, ಆಮೇಲೆ ಕೆಮ್ಮಿದಳು, ಮತ್ತೆ ಸಾವರಿಸಿಕೊಂಡಳು, ಕೊನೆಗೆ ಗಂಟಲು ಕಟ್ಟಿ ನಿಂತಳು. ಅವನಿಗೆ ನಿಜವಾಗಿಯೂ ಸಂಕಟವಾಯಿತು. "ಎರಡೇ ದಿನ ತಡ್ಕೋ," ಎಂದು ಅವಳ ಮುಸುಡಿಯ ಮೇಲೆ ತಟ್ಟಿದ.

ಉಳಿದದ್ದೆಲ್ಲವನ್ನೂ ಅವನು ಮರೆಯದೆ ಮಾಡಿದ. ನಿಂತ ಇಂಜಿನ್ನಿನ ಹಗ್ಗ ಎಳೆದವನ ಅಂಗೈ ಹೇಗಿರುತ್ತದೆಂದು ಊರಿಗೆಲ್ಲ ಗೊತ್ತು. ಅಂಗೈ ಬೊಬ್ಬೆ ಬಂದು ಒಡೆಯುವವರೆಗೆ ಹಗ್ಗ ಎಳೆದ. ಟೊಪ್ಪಿ ತೆಗೆದು ಶುಕ್ರವಾರವಿಡೀ ಬಿಸಿಲಿಗೆ ಕುಳಿತ. ಗಾಳಿ ಪೂರ್ವದಿಂದ ಬೀಸುತ್ತಿತ್ತು, ತೇಲಿದ ದೋಣಿ ಪಶ್ಚಿಮಕ್ಕೆ ಹೋಗಬೇಕು; ಆದ್ದರಿಂದ ಪಶ್ಚಿಮದಿಂದಲೇ ಹುಟ್ಟು ಹಾಕುತ್ತ ಬಂದ. ಶನಿವಾರ ಚರ್ಚಿನ ಎರಡನೆಯ ಹಾಡಿನ ಹೊತ್ತಿಗೆ ದಕ್ಕೆ ಮುಟ್ಟಿ, ಅಲ್ಲೇ ಕುಸಿದುಬಿದ್ದ. ಅದರಲ್ಲಿ ನಟನೆ ಅರ್ಧದಷ್ಟೇ ಇತ್ತು.

ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಂತು ಸಾಕ್ಷಿ ನುಡಿದ. ಕಂಡಿ ದಾಟುವಾಗ ತೆಂಗಿನ ಮರದೆತ್ತರದ ಹಸಿರು ಅಲೆ ಎದ್ದದ್ದು, ಟ್ಯಾಂಕಿನ ಮುಚ್ಚಳ ಹಾರಿದ್ದು, ಮೂಟೆಗಳನ್ನು ಒಂದೊಂದಾಗಿ ದೂಡುವಾಗ ಒಂದೊಂದಕ್ಕೂ ಕ್ಷಮೆ ಕೇಳಿದ್ದು. ಕ್ಷಮೆಯ ಮಾತು ಅವನಿಗೆ ಆಗಲೇ ಹೊಳೆದದ್ದು. ಅದಕ್ಕೆ ನಾಲ್ಕು ಹೆಂಗಸರು ಅತ್ತರು. ಜೋಲಿನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಅವನು ಅತ್ತ ಕಣ್ಣು ಹಾಯಿಸಲಿಲ್ಲ. ಗ್ಲಾಡ್ವಿನ್ ಮಾತ್ರ ಅವನ ಅಂಗೈಗಳನ್ನೇ ನೋಡುತ್ತಿದ್ದ. ನೋಡಲಿ, ಅದಕ್ಕಾಗಿಯೇ ಅಲ್ಲವೆ ಅವು ಒಡೆದದ್ದು.

ಭಾನುವಾರ ಬೆಳಕು ಹರಿಯುತ್ತಲೇ ಅರ್ಧ ಊರು ದಕ್ಕೆಯಲ್ಲಿತ್ತು. ಇಂಜಿನ್ ಕೆಟ್ಟರೆ ಸಂಬೋರಾದಲ್ಲಿ ಎಲ್ಲರೂ ವೈದ್ಯರೇ.

"ಪ್ಲಗ್ಗೇ ಹೋಗಿರೋದು, ಬರ್ದಿಟ್ಕೊಳ್ಳಿ."

"ನಿನ್ನ ತಲೇಲಿರೋ ಪ್ಲಗ್ಗು ಹೋಗಿರೋದು ಕಣೋ, ಸರಿ ಆಚೆ."

ಗ್ಲಾಡ್ವಿನ್ ಯಾರಿಗೂ ಕಿವಿಗೊಡದೆ ಪ್ಲಗ್ ಬಿಚ್ಚಿದ. ಒದ್ದೆಯಾಗಿತ್ತು. ಒರೆಸಿ ಹಗ್ಗ ಎಳೆದಾಗ ನೀಲಿ ಕಿಡಿ ಬಂತು. ಕಿಡಿ ಇದೆ ಎಂದಮೇಲೆ ತಪ್ಪು ಇಂಧನದಲ್ಲಿ. ಅವನು ಟ್ಯಾಂಕಿನ ಕೊಳವೆ ಕಳಚಿ, ಅದರ ರಬ್ಬರ್ ಗುಂಡನ್ನು ಹಿಸುಕಿ, ಬಂದದ್ದನ್ನು ಜಾಮಿನ ಗಾಜಿನ ಸೀಸೆಗೆ ಹಿಡಿದ. ಬಿಸಿಲಿಗೆ ಎತ್ತಿದಾಗ ಎಲ್ಲರಿಗೂ ಕಂಡಿತು. ಮೇಲೆ ಬೆರಳಗಲ ಪೆಟ್ರೋಲು, ಕೆಳಗೆ ತಿಳಿಯಾದ ನೀರು.

"ನೀರು!" ಎಂದಿತು ದಕ್ಕೆಯಿಡೀ.

ಗ್ಲಾಡ್ವಿನ್‌ನ ಮುಖ ಸಣ್ಣದಾಯಿತು. ಅವನು ಸೀಸೆಯನ್ನು ಹಲಗೆಯ ಮೇಲಿಟ್ಟು ಕಿಡೋನ ಬಳಿ ಬಂದ.

"ಅಣ್ಣಾ, ಸುಳ್ಳು ಯಾಕೆ ಹೇಳ್ಲಿ. ನೆನ್ನೆ ಇಡೀ ರಾತ್ರಿ ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು."

"ಹೋಗ್ಲಿ ಬಿಡೋ. ನಿನ್ನ ಜಾಗದಲ್ಲಿದ್ರೆ ನಾನೂ ಅನುಮಾನ ಪಡ್ತಿದ್ದೆ," ಎಂದ ಕಿಡೋ ದೊಡ್ಡ ಮನಸ್ಸಿನಿಂದ.

ವಾಗಿ ಕೋಲೂರಿ ಎದ್ದು ನಿಂತ. "ಕೇಳ್ರಪ್ಪಾ ಎಲ್ರೂ. ದೋಣಿ ಉಳಿಸ್ಕೊಂಡು ಬಂದವನು ಇವನು. ಹೊಸ ಇಂಜಿನ್ ಯಾವಾಗಾದ್ರೂ ಬರ್ಲಿ, ನಡೆಸೋನು ಕಿಡೋನೇ. ನನ್ನ ಅಳಿಯ ಇವನ ಕೈಕೆಳಗೆ ಕಲೀಲಿ."

ಕಿಡೋಗೆ ಮೂಟೆಗಳೂ ಸಿಕ್ಕವು, ಮಾನವೂ ಸಿಕ್ಕಿತು. ಹನ್ನೊಂದು ವರ್ಷ ನೆಟ್ಟಗೆ ನಡೆದಾಗ ಸಿಗದ ಮಾತು ಎರಡು ದಿನ ಅಡ್ಡದಾರಿ ಹಿಡಿದಾಗ ಸಿಕ್ಕಿತಲ್ಲ ಎಂದು ನಗು ಬಂತು. ಅವನು ತಲೆ ತಗ್ಗಿಸಿ ವಿನಯ ತೋರಿದ.

ಆಗ ಮಿರಿಯಾಮ ಸೀಸೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಅವಳ ಮುಖದಲ್ಲಿ ಅನುಮಾನದ ಗೆರೆಯೂ ಇರಲಿಲ್ಲ, ಮರುಕವಷ್ಟೇ ಇತ್ತು. "ಪಾಪ, ಮೂರು ದಿನದಿಂದ ಮುದುಕಿ ಹೊಟ್ಟೇಲಿ ಉಪ್ಪು ಕೂತಿದೆ. ಬೇಗ ಬಿಚ್ಚಿ ತೊಳೀರೋ, ತುಕ್ಕು ತಿಂದ್ಬಿಡುತ್ತೆ. ಉಪ್ಪು ಎಷ್ಟಿದೆ ನೋಡೋಣ ತಾಳಿ," ಎನ್ನುತ್ತ ಪೆಟ್ರೋಲನ್ನು ಮೆಲ್ಲಗೆ ಚೆಲ್ಲಿ, ಉಳಿದ ನೀರಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಉಗಿದಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮುಟ್ಟಿಸಿದಳು. ಒಂದು ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅವಳು ಸೀಸೆಯನ್ನು ಗ್ಲಾಡ್ವಿನ್ ಕೈಗೆ ಕೊಟ್ಟಳು; ಅವನೂ ನೆಕ್ಕಿ, ನಿಧಾನವಾಗಿ ತಲೆಯೆತ್ತಿ ಕಿಡೋನನ್ನು ನೋಡಿದ. "ಇದು ಕುಡಿಯೋ ನೀರಲ್ವೇನೋ, ಕಿಡೋ?" ಎಂದಳು ಮಿರಿಯಾಮ, ಇನ್ನೂ ಅರ್ಥವಾಗದವಳ ದನಿಯಲ್ಲಿ. ಹನ್ನೊಂದು ವರ್ಷ ಪ್ರತಿ ಸಂಜೆ ಮುದುಕಿಯ ಮೈಯಿಂದ ಉಪ್ಪನ್ನು ತೊಳೆದು ತೆಗೆದವನು ಅವನು. ಗುರುವಾರ ನಾಲ್ಕೂ ದಿಕ್ಕಿಗೆ ಸಮುದ್ರವೇ ಇದ್ದಾಗ ಅವನ ಕೈ, ಅವನನ್ನು ಒಂದು ಮಾತೂ ಕೇಳದೆ, ಕುಡಿಯುವ ನೀರಿನ ಬಾಟಲಿಯನ್ನೇ ಎತ್ತಿಕೊಂಡಿತ್ತು.