ಮುಟ್ಟದ ಹೋಳಿಗೆ

ಹೆಣ್ಣು ನೋಡಲು ಬಂದವನು ಹೋಳಿಗೆ ಮುಟ್ಟದೆ ಎದ್ದು ಹೋದರೆ ಏನರ್ಥ? ಭಾಲ್ಕಿಯಿಂದ ಬಂದು ನಾಸಿಕದಲ್ಲಿ ನೆಲೆಸಿದ ಪ್ರೇಮಾಬಾಯಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹುಡುಗಿ ಒಪ್ಪಿಗೆಯಾಗಿಲ್ಲ, ಅಷ್ಟೇ. ಮರುದಿನವೇ ಸಂಭಾಜಿನಗರದ ಇನ್ನೊಬ್ಬ ವರನ ಮನೆಗೆ ಫೋನ್ ಮಾಡಿ, ಯುಗಾದಿ ಕಳೆದ ಮೇಲೆ ಬನ್ನಿ ಎಂದುಬಿಟ್ಟರು.

ಮಗಳು ಅಪೇಕ್ಷಾಗೆ ಸಿಟ್ಟು ಬಂದಿತ್ತು. ಆ ಹೋಳಿಗೆ ತಟ್ಟಿದ್ದು ಅವಳೇ. ಅದಿರಲಿ, ಹುಡುಗ ಅವಳಿಗೆ ಹಿಡಿಸಿಬಿಟ್ಟಿದ್ದ.

ವಾರ ಕಳೆಯುವಷ್ಟರಲ್ಲಿ ಅದೇ ಹುಡುಗ, ಓಝರ್ ವಿಮಾನ ಕಾರ್ಖಾನೆಯ ಎಂಜಿನಿಯರ್ ಬಸವಕುಮಾರ, ಅವಳು ಬೆಳಗ್ಗೆ ವ್ಯಾಯಾಮ ಕಲಿಸುವ ಮೈದಾನಕ್ಕೆ ಹೊಸ ಬೂಟು ಹಾಕಿಕೊಂಡು ಬಂದ.

"ಹೋಳಿಗಿ ಮುಟ್ಟದವರು ಇಲ್ಲಿಗ್ಯಾಕ ಬಂದ್ರಿ?"

ಅವನು ಬೂಟಿನ ದಾರ ನೋಡುತ್ತ ನಿಂತ. "ನನ್ನ ಶುಗರ್ ಗಡಿಗೆ ಬಂದು ನಿಂತದರಿ. ವ್ಯಾಯಾಮ ಮಾಡು, ಇಲ್ಲಾಂದ್ರ ಗುಳಿಗಿ ಶುರು ಅಂದಾರ ಡಾಕ್ಟರು."

"ಅವತ್ತೇ ಹೇಳಬಾರ್ದಿತ್ತಾ?"

"ಹೆಣ್ಣು ನೋಡ್ಲಿಕ್ಕೆ ಬಂದು ರೋಗದ ಮಾತು ಹೆಂಗ ತೆಗೀಲಿರಿ? ನಾಚಿಕಿ ಆತು."

ಅಪೇಕ್ಷಾಗೆ ಜೀವ ಹಗುರಾಯಿತು. ಹಾಗಂತ ಸಿಟ್ಟನ್ನು ಪುಕ್ಕಟೆ ಬಿಡುವಳೇ? "ಬೈಠಕ್ ಹೊಡೀರಿ" ಎಂದಳು.

ಅವನು ಕೂತು ಏಳುತ್ತ ಏದುಸಿರು ಬಿಟ್ಟ. ಅವಳು ತುಟಿ ಕಚ್ಚಿ ನಗು ತಡೆದಳು.

"ತೊಡಿ ಸ್ನಾಯು ಭಾಳ ದೊಡ್ಡದರಿ. ಕೆಲಸಕ್ಕ ಹಚ್ಚಿದ್ರ ರಕ್ತದಾಗಿನ ಸಕ್ಕರಿ ತಾನೇ ಎಳಕೋತದ. ಉಂಡ ಮ್ಯಾಲೆ ಅಡ್ಡಾಡಿದ್ರ ಇನ್ನೂ ಚಲೋ."

"ಒಬ್ನೇ ಅಡ್ಡಾಡ್ಲಿಕ್ಕೆ ಬ್ಯಾಸರ ಬರ್ತದರಿ."

"ಹಂಗಾರ ಫೋನ್ ಹಚ್ರಿ."

ಹಚ್ಚಿದ. ಊಟವಾದ ಮೇಲೆ ಅವನು ಟೌನ್‌ಶಿಪ್ ರಸ್ತೆಯಲ್ಲಿ, ಅವಳು ತನ್ನ ಮನೆಯ ಮಾಳಿಗೆಯ ಮೇಲೆ, ದಿನಾ ನಡೆದರು. ಮಾತು ಮುಗಿಯದೆ ನಡಿಗೆಯೂ ಮುಗಿಯುತ್ತಿರಲಿಲ್ಲ.

ದ್ರಾಕ್ಷಿ ಗಾಡಿಗಳು ರಸ್ತೆಗೆ ಬರುವ ಹೊತ್ತಿಗೆ ಅವನ ಬೆಲ್ಟು ಒಳತೂತಿಗೆ ಸರಿದಿತ್ತು. ಮಧ್ಯಾಹ್ನದ ತೂಕಡಿಕೆ ಹೋಗಿತ್ತು. ಯುಗಾದಿಯೂ, ಸಂಭಾಜಿನಗರದವರು ಬರುವ ದಿನವೂ ಹತ್ತಿರ ಬಂದಿದ್ದವು.

"ಮನಿಗಿ ಯಾವಾಗ ಬರ್ತೀರಿ?" ಒಂದು ಬೆಳಗ್ಗೆ ಮೈದಾನದಲ್ಲಿ ಅಪೇಕ್ಷಾ ಕೇಳಿದಳು.

"ಶುಗರ್ ರಿಪೋರ್ಟ್ ಚಲೋ ಬರ್ಲಿ, ಬಂದೇ ಬರ್ತೀನಿ."

"ಚಲೋ ಬರ್ಲಿಲ್ಲಂದ್ರ?"

ಅವನು ಬಗ್ಗಿ ಬೂಟಿನ ದಾರ ಬಿಗಿಯತೊಡಗಿದ.

"ನಾನೇನು ರಿಪೋರ್ಟಿನ ಸಂಗಟ ಮದಿವಿ ಆಗ್ತೀನೇನ್ರಿ?" ಅವಳ ಕಣ್ಣು ತುಂಬಿತು. ಆ ರಾತ್ರಿ ಫೋನ್ ಎತ್ತಲಿಲ್ಲ.

ಯುಗಾದಿಯ ಮಧ್ಯಾಹ್ನ ಬಾಗಿಲಲ್ಲಿ ಬಸವಕುಮಾರ ನಿಂತಿದ್ದ.

"ಕಾಕೂ, ರಿಪೋರ್ಟ್ ನಾಳಿ ಬರ್ತದರಿ. ಹೆಂಗ ಬರ್ತದೋ ಗೊತ್ತಿಲ್ಲ. ನಂಗ ಶುಗರ್ ಗಡಿಗೆ ಬಂದದ, ಅದಕ್ಕೇ ಅವತ್ತು ಹೋಳಿಗಿ ಮುಟ್ಟಲಿಲ್ಲ. ನಿಮ್ಮ ಮಗಳಂದ್ರ ನಂಗ ಜೀವರಿ."

ಪ್ರೇಮಾಬಾಯಿ ಸೊಂಟದ ಮೇಲೆ ಕೈಯಿಟ್ಟರು. "ಅಯ್ಯ ತಮ್ಮಾ, ಇಷ್ಟಕ್ಕ ನನ್ನ ಮಗಳನ್ನ ಇಷ್ಟು ದಿನ ಅಳಿಸಿದೇನು? ಸಂಭಾಜಿನಗರದವರಿಗೆ ಬರಬ್ಯಾಡ್ರಿ ಅಂತೀನಿ. ಬಾ, ಕೂಡು."

ತಟ್ಟೆಗೆ ಒಂದೇ ಹೋಳಿಗೆ ಬಿತ್ತು. ಅವನು ಅಪೇಕ್ಷಾಳ ಮುಖ ನೋಡುತ್ತ ಪೂರ್ತಿ ತಿಂದ. ತಿಂದವನೇ ಎದ್ದು ನಿಂತ.

ಪ್ರೇಮಾಬಾಯಿ ಗಾಬರಿಯಾದರು. "ಮತ್ತ ಯಾಕಪ್ಪಾ ಎದ್ದಿ?"

"ಉಂಡ ಮ್ಯಾಲೆ ಅಡ್ಡಾಡ್ಬೇಕಂತರಿ. ಇವರೇ ಹೇಳ್ಯಾರ."

ಅಪೇಕ್ಷಾ ಆಗಲೇ ಅಂಗಳದಲ್ಲಿದ್ದಳು.

"ನಿಲ್ರಿ, ನಂಗೂ ಶುಗರ್ ಅದ, ನಾನೂ ಬರ್ತೀನಿ!" ಪ್ರೇಮಾಬಾಯಿ ಚಪ್ಪಲಿ ಹುಡುಕತೊಡಗಿದರು.

"ಜಲ್ದಿ ನಡೀರಿ," ಅಪೇಕ್ಷಾ ಅವನ ಕೈ ಹಿಡಿದು ಎಳೆದಳು. "ಇವತ್ತು ಸ್ಪೀಡ್ ವಾಕಿಂಗ್."