ಜೋಕಾಲಿ ಕಂಬದ ಬುಡದಲ್ಲಿ

"ತೆಗಿ ಕೈನ! ಅದು ನನ್ನ ಮಗನ ಜಾಗ!"

ಲೋರ್ನಾ ಅಡುಗೆಮನೆಯ ಬಾಗಿಲಿಂದ ಕೂಗಿದ ರಭಸಕ್ಕೆ ವೆಂಡೆಲ್ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಜೋಕಾಲಿ ಕಂಬದ ಬುಡಕ್ಕೆ ಸುರಿದ ಕಾಂಕ್ರೀಟ್ ಇನ್ನೂ ಹಸಿಯಾಗಿತ್ತು. ಟೆಸ್‌ಳ ಅಂಗೈ, ಅವಳ ತಮ್ಮ ಕೋಡಿಯ ಪುಟ್ಟ ಅಂಗೈ ಅದರ ಮೇಲೆ ಪಕ್ಕಪಕ್ಕದಲ್ಲೇ ಮೂಡಿದ್ದವು. ಹಿತ್ತಲಲ್ಲಿ ಕಾಂಕ್ರೀಟ್ ಹಾಕಿದ ದಿನ ಅಪ್ಪ-ಮಕ್ಕಳು ಕೈಯೊತ್ತಿ ಗುರುತು ಬಿಡುವುದು ಆ ಬೀದಿಯಲ್ಲಿ ಯಾರೂ ತಪ್ಪಿಸದ ಪದ್ಧತಿ. ಮೂರನೆಯ ಕೈಗೆ ಜಾಗ ತೋರಿಸಿದವನು ಕೋಡಿಯೇ. "ನಿಂದು ಇಲ್ಲಿ ಒತ್ತು, ಅಪ್ಪಾ" ಅಂದಿದ್ದ! ಬಾಯ್ತಪ್ಪಿ ಬಂದಿತ್ತೋ, ಮನಸ್ಸಿನಿಂದಲೇ ಬಂದಿತ್ತೋ... ಮದುವೆಯಾಗಿ ಎರಡು ವರ್ಷವಾದರೂ ಈ ಮಕ್ಕಳ ಬಾಯಲ್ಲಿ ಬರೀ ವೆಂಡೆಲ್ ಆಗಿದ್ದವನು ಕೂಡಲೇ ಅಂಗಿಯ ತೋಳು ಮೇಲೇರಿಸಿ ಬಗ್ಗಿದ್ದ.

ಮಕ್ಕಳ ತಂದೆ ಗ್ಯಾರೆಟ್, ಲೋರ್ನಾಳ ಒಬ್ಬನೇ ಮಗ. ಬಿರುಗಾಳಿಗೆ ಕಡಿದುಬಿದ್ದ ವಿದ್ಯುತ್ ತಂತಿ ಸರಿಮಾಡಲು ಹೋದವನು ಮರಳಲಿಲ್ಲ. ಅವನ ಹೆಂಡತಿ ಕೊರಿನ್ ಆಮೇಲೆ ವೆಂಡೆಲ್‌ನನ್ನು ಮದುವೆಯಾದಳು. ಮುದುಕಿ ಮಾತ್ರ ಸೊಸೆಯ ಮನೆಗೆ ಬರುವುದನ್ನು ಬಿಡಲಿಲ್ಲ. ಭಾನುವಾರ ಚರ್ಚು ಮುಗಿಸಿ, ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು ಬಂದು, ಹೊಸ ಗಂಡನನ್ನು ಚುಚ್ಚಿದ ಮೇಲೇ ಅವಳ ಪ್ರಾರ್ಥನೆ ಪೂರ್ತಿಯಾಗುತ್ತಿತ್ತು! ರಜೆಯ ದಿನಗಳನ್ನೆಲ್ಲ ಸುರಿದು ವೆಂಡೆಲ್ ಜೋಕಾಲಿಗೆ ಗುಂಡಿ ತೋಡಿದ, ಮರ ಉಜ್ಜಿದ, ಜಾರುಬಂಡೆ ನಿಲ್ಲಿಸಿದ. "ಕಂಬ ಸೊಟ್ಟಗಿದೆಯಲ್ಲಪ್ಪಾ. ನನ್ನ ಗ್ಯಾರೆಟ್‌ಗಾದ್ರೆ ಇದು ಒಂದು ಮಧ್ಯಾಹ್ನದ ಕೆಲಸ" ಎನ್ನುತ್ತಿದ್ದಳು ಅವಳು.

ಇವತ್ತು, "ಮುಟ್ಟಬೇಡ, ಬಂದೆ" ಎಂದು ಎರಡು ಬೀದಿ ಆಚೆಯ ತನ್ನ ಮನೆಗೆ ಕಾರಿನಲ್ಲಿ ಹೊರಟೇಬಿಟ್ಟಳು.

ವೆಂಡೆಲ್ ಹೆಂಡತಿಯತ್ತ ನೋಡಿದ. ಕೊರಿನ್ ಕೆಂಡದ ಮೇಲಿನ ಸಾಸೇಜುಗಳನ್ನು ತಿರುವುತ್ತಿದ್ದಳು.

"ನೀನಾದ್ರೂ ಒಂದು ಮಾತು ಹೇಳು, ಕೊರಿನ್."

"ಇದೊಂದು ಬಿಟ್ಟುಕೊಡು ವೆಂಡೆಲ್... ಅವರಿಗೆ ಇನ್ಯಾರಿದ್ದಾರೆ?" ಅವಳು ತಲೆಯೆತ್ತಲಿಲ್ಲ.

ನನಗೆ ಯಾರಿದ್ದಾರೆ ಎಂದು ಕೇಳಬೇಕೆನಿಸಿತು. ವೆಂಡೆಲ್ ಕರಣೆಯನ್ನು ಬಕೆಟ್ಟಿನ ನೀರಿಗದ್ದಿದ.

ಲೋರ್ನಾ ಮರಳಿದಾಗ ಕೈಯಲ್ಲಿ ಒಂದು ಬೂಟು. ಗ್ಯಾರೆಟ್ ವಿದ್ಯುತ್ ಕಂಬ ಹತ್ತುತ್ತಿದ್ದ ಬೂಟು!

"ಯಾರದು ಅಜ್ಜಿ ಅದು?" ಎಂದಳು ಟೆಸ್.

"ನಿಮ್ಮಪ್ಪಂದು ಕಂದಾ. ನಿಮಗಿರೋದು ಒಬ್ಬನೇ ಅಪ್ಪ. ಮನೆಗೆ ಬಂದವರೆಲ್ಲ ಅಪ್ಪ ಆಗೋಕಾಗಲ್ಲ, ತಿಳೀತಾ?"

ಮುದುಕಿ ಮಂಡಿಯೂರಿ ಬೂಟನ್ನು ಒತ್ತಿದಳು. ಬಿಸಿಲಿಗೆ ಮೇಲ್ಮೈ ಬಿಗಿದುಕೊಂಡಿತ್ತು. ಮತ್ತೆ ಒತ್ತಿದಳು. ಎರಡೂ ಕೈಯಿಂದ, ಮೈಭಾರವೆಲ್ಲ ಬಿಟ್ಟು...

"ಮೂಡ್ತಾನೇ ಇಲ್ಲ! ಅಯ್ಯೋ ಮಗನೇ... ಇಲ್ಲೂ ನಿಲ್ಲಲ್ಲ ಅಂತೀಯೇನೋ!"

ಆ ಅಳು ಕೇಳಲಾಗದೆ ಟೆಸ್ ಕಿವಿ ಮುಚ್ಚಿಕೊಂಡಳು. ವೆಂಡೆಲ್ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಕಲ್ಲಾಗುತ್ತಿತ್ತು, ಅವಳು ಸೋಲುತ್ತಿದ್ದಳು. ಅವನ ಸಿಟ್ಟೇನೂ ಇಳಿದಿರಲಿಲ್ಲ. ಆದರೂ ಮಗನನ್ನು ಮಣ್ಣಿಗಿಟ್ಟ ತಾಯಿ ತನ್ನ ಕಾಲಬುಡದಲ್ಲಿ ಹೀಗೆ ಬಿದ್ದಿರುವಾಗ ಗೆಲ್ಲುವುದು ಅವನಿಂದಾಗಲಿಲ್ಲ.

"ಸ್ವಲ್ಪ ಸರೀರಿ" ಎಂದ.

ನೀರು ಚಿಮುಕಿಸಿ, ಕರಣೆಯಿಂದ ಕೆದಕಿ, ಆ ಒಂದು ಜಾಗವನ್ನು ಮತ್ತೆ ಮೆತ್ತಗೆ ಮಾಡಿದ. ಬೂಟಿನೊಳಗೆ ಮಣಿಕಟ್ಟಿನವರೆಗೆ ತನ್ನ ಕೈ ತೂರಿಸಿ, ಮುಷ್ಟಿ ಕಟ್ಟಿ, ಉಸಿರು ಹಿಡಿದು ಒತ್ತಿದ. ಕೋಡಿ ತೋರಿಸಿದ್ದ ಜಾಗದಲ್ಲೇ ಸತ್ತವನ ಬೂಟಿನ ಅಟ್ಟೆ ಒಂದೊಂದು ಗೆರೆಯೂ ಬಿಡದಂತೆ ಮೂಡಿತು.

"ಅಪ್ಪನ ಕಾಲು! ಅಪ್ಪನ ಕಾಲು!" ಮಕ್ಕಳು ಕುಣಿದರು.

ಲೋರ್ನಾ ಬೂಟನ್ನು ಎದೆಗವಚಿಕೊಂಡಳು. "ಪರವಾಗಿಲ್ಲ, ಕೆಲಸ ಬರುತ್ತೆ ನಿನಗೆ" ಎಂದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಕೊರಿನ್ ಹಿಂದಿನಿಂದ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಮೆಲ್ಲಗೆ ಪಕ್ಕಕ್ಕೆ ಸರಿದ.

ಕೋಡಿ ಕಂಬದ ಸುತ್ತ ನೋಡಿ ಬಂದ.

"ನಿಂದು ಎಲ್ಲಿ ಒತ್ತುತೀಯ? ಜಾಗಾನೇ ಉಳಿದಿಲ್ವಲ್ಲ, ವೆಂಡೆಲ್?"

"ನಂದು ಬೇಡ ಬಿಡು ಮರಿ" ಎಂದ ಅವನು. "ಬಾ, ಕೈ ತೊಳಿಸ್ತೀನಿ. ಸಿಮೆಂಟು ಹಾಗೇ ಬಿಟ್ರೆ ಉರಿಯುತ್ತೆ."