ಜಾಲರಿ ಬುಟ್ಟಿಯ ಗಂಟು

“ತಮ್ಮಾ, ಗಂಟು ಮುಟ್ಟಿದ್ರ ಮುಟ್ಟು. ಅದಕ್ಕ ಬೆಂಕಿ ಮಾತ್ರ ಹಚ್ಚಬ್ಯಾಡ. ಹಚ್ಚಿದವರ ಮೈಗೆ ಬರತೈತಿ.”

ಮುದುಕವ್ವ ಹೀಗೆಂದಾಗ ಶಶಿಕಾಂತ ಈಜುಕೊಳದ ಅಂಚಿನಲ್ಲಿ ಮೊಣಕಾಲೂರಿ, ಕಸ ಹಿಡಿಯುವ ಜಾಲರಿ ಬುಟ್ಟಿಯನ್ನು ಮೇಲೆತ್ತಿದ್ದ. ಕೊಳೆತ ಎಲೆಗಳ ನಡುವೆ ಮುಷ್ಟಿಗಾತ್ರದ ಕರಿ ಬಟ್ಟೆಯ ಗಂಟೊಂದು ಸಿಕ್ಕಿಕೊಂಡಿತ್ತು. ಬಿಚ್ಚಿದ. ಕೂದಲು ಸುತ್ತಿದ ಮೊಳೆ, ಒಣಗಿದ ನಿಂಬೆಹಣ್ಣು, ಒಂದು ಹಿಡಿ ಮೆಣಸಿನಕಾಯಿ. ಇಷ್ಟು ದಿನ ನೀರಿನಲ್ಲಿ ಬಿದ್ದಿದ್ದರೂ ಮೆಣಸಿನಕಾಯಿ ನೆನೆದಿರಲಿಲ್ಲ, ಈಗಷ್ಟೇ ಕಣದಿಂದ ತಂದವುಗಳಂತೆ ಗರಿಗರಿಯಾಗಿದ್ದವು. ಬುದ್ಧಿ ಇದ್ದವನು ಅಷ್ಟಕ್ಕೇ ಎದ್ದು ಮನೆಗೆ ಹೋಗಬೇಕಿತ್ತು.

ಆದರೆ ಇವನು ಮೈಸೂರಿನವನು, ಗುತ್ತಲದ ಸುಧಾರಾಣಿಯನ್ನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದು ನೆಲೆಸಿದವನು. ದೊಡ್ಡವರ ಮನೆಯ ಕೊಳದ ನೀರು ತಿಳಿಯಾಗಿಸುವುದು, ಬಿಸಿ ಮಾಡುವ ಯಂತ್ರ ಕೂರಿಸುವುದು, ಕಳ್ಳರಿಗೆ ಬೆಂಕಿಗೆ ಕೂಗುವ ಅಲಾರಂ ಹಾಕುವುದು ಅವನ ಕಸುಬು. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಲ್ಲಿರುವ ಈ ಮನೆ ಮೆಣಸಿನಕಾಯಿ ವ್ಯಾಪಾರಿ ಹಾಲಸಿದ್ದಪ್ಪನದು. ದಿನಾ ಬೆಳಿಗ್ಗೆ ಈಜುತ್ತಿದ್ದ ಗಟ್ಟಿಮುಟ್ಟು ಮನುಷ್ಯ, ಸಂಕ್ರಾಂತಿಯಿಂದ ಮಹಡಿಯ ಮೇಲೆ ಮಲಗಿದ್ದಾನೆ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಬಿಸಿನೀರಿನಲ್ಲಿ ಇಳಿಸಿ ನೋಡಿ ಎಂದು ಯಾರೋ ವೈದ್ಯರು ಹೇಳಿದ್ದರಿಂದ ತಾಯಿ ಮುದುಕವ್ವ ಇವನನ್ನು ಕರೆಸಿದ್ದಳು.

“ದಾಯಾದಿಗಳು ಮಾಡಿಸ್ಯಾರ. ಮೈ ಸಾಯೂ ಮಾಟ. ನಿನ್ನಕಿಂತ ಮೊದಲ ಇಬ್ರು ಬಂದಿದ್ರು. ಗಂಟು ಕಂಡು, ಬುಟ್ಟಿ ಅಲ್ಲೇ ಬಿಟ್ಟು, ಕೈ ಮುಗದು ಹೋದ್ರು.”

“ನಾನು ಹೋಗಲ್ಲ ಅಜ್ಜಿ. ಕ್ಲೋರಿನ್ ಸುರಿದರೆ ಮಾಟನೂ ತೊಳೆದುಹೋಗುತ್ತೆ,” ಎಂದು ನಕ್ಕ.

ಪಂಪ್ ರೂಮು ನೆಲದ ಕೆಳಗಿತ್ತು. ಕಿಟಕಿಯಿಲ್ಲ, ದೀಪ ಕೆಟ್ಟಿತ್ತು. ಹಸಿ ಗೋಡೆಯ ಮುಗ್ಗಲು ವಾಸನೆ, ಕ್ಲೋರಿನ್ನಿನ ಕಟು ವಾಸನೆ, ಅದರ ಮೇಲೆ ಬ್ಯಾಡಗಿಯ ಗಾಳಿಯಲ್ಲಿ ಸದಾ ಇರುವ ಮೆಣಸಿನಕಾಯಿ ಧೂಳು. ಕತ್ತಲಲ್ಲಿ ಪಂಪು ಗೊರಗೊರ ಎನ್ನುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ಯಂತ್ರ ಸರಿಮಾಡಿ, ಹೊರಬರುವ ನೀರಿಗೆ ಮುಂಗೈ ಹಿಡಿದ. ಯಾವ ಮೀಟರನ್ನೂ ಅವನು ನಂಬುತ್ತಿರಲಿಲ್ಲ, ಮುಂಗೈ ಹೇಳಿದ್ದೇ ಖರೆ. ಮನೆಯಲ್ಲಿ ಮಗಳು ಕಾವ್ಯಾಳ ಸ್ನಾನದ ನೀರಿನ ಹದವನ್ನೂ ಅವನ ಮುಂಗೈಯೇ ನೋಡಬೇಕು, ಅವ್ವ ನೋಡಿದರೆ ಆ ಹುಡುಗಿ ಒಪ್ಪುತ್ತಿರಲಿಲ್ಲ.

ಉಳಿದದ್ದು ಹೊಗೆ ಅಲಾರಂ. ಅದನ್ನು ಪರೀಕ್ಷಿಸಲು ಅವನು ಊದಿನಕಡ್ಡಿ ಹಚ್ಚುತ್ತಿದ್ದ. ಚೀಲದಲ್ಲಿ ಇವತ್ತು ಒಂದೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಹೊಚ್ಚಹೊಸ ಬೆಂಕಿಪೊಟ್ಟಣ ಕಂಡಿತು. ಎಸೆಯಲೆಂದು ಮತ್ತೆ ಕಟ್ಟಿ ತಂದಿದ್ದ ಗಂಟನ್ನು ಕೈಗೆತ್ತಿಕೊಂಡ.

“ನೋಡಿ ಅಜ್ಜಿ, ನಿಮ್ಮ ಮಾಟಕ್ಕೂ ಒಂದು ಕೆಲಸ ಸಿಕ್ತು!”

ಮೆಟ್ಟಿಲ ತುದಿಯಲ್ಲಿ ಮುದುಕವ್ವ ನಿಂತಿದ್ದಳು. “ಬ್ಯಾಡ ತಮ್ಮಾ,” ಎಂದಳು. ಸ್ವಲ್ಪ ತಡೆದು ಮತ್ತೊಮ್ಮೆ, “ಬ್ಯಾಡ,” ಎಂದಳು. ಆದರೆ ಒಂದು ಮೆಟ್ಟಿಲೂ ಇಳಿಯಲಿಲ್ಲ.

ಕಡ್ಡಿ ಗೀರಿದ. ಬಟ್ಟೆ ಹೊತ್ತಿತು. ಮೆಣಸಿನಕಾಯಿ ಚಟಚಟ ಸಿಡಿದವು. ಕರಿ ಹೊಗೆ ಛಾವಣಿಗೆ ಏರಿತು. ಅಲಾರಂ ಕಿರುಚಿತು. ಮೇಲೆ ಮುದುಕವ್ವ ಸೆರಗು ಬಾಯಿಗೊತ್ತಿ ಕೆಮ್ಮತೊಡಗಿದಳು. ಶಶಿಕಾಂತ ಹೊಗೆಯ ನಡುವೆ ಸುಮ್ಮನೆ ನಿಂತಿದ್ದ. ಮೂಗಿಗೆ ಘಾಟಿಲ್ಲ. ಕಣ್ಣಲ್ಲಿ ನೀರಿಲ್ಲ.

“ನಿಮ್ಮೂರ ಮೆಣಸಿನಕಾಯಿಗೆ ಬಣ್ಣ ಅಷ್ಟೇ ಅಜ್ಜಿ, ಖಾರ...”

ಮಹಡಿಯಿಂದ ಗಂಡಸಿನ ಕೆಮ್ಮು ಕೇಳಿಸಿತು. ಹಿಂದೆಯೇ ದನಿ. “ಯವ್ವಾ! ಕಣ್ಣು ಉರಿಯಾಕತ್ತಾವ! ಯವ್ವಾ!”

ಮುದುಕವ್ವ ಮಹಡಿಯತ್ತ ತಿರುಗಿ ಕೈ ಮುಗಿದಳು. ಆಗ ಶಶಿಕಾಂತ ತನ್ನ ಬಲಗೈ ನೋಡಿದ. ಗಂಟು ಉರಿದು ಬೂದಿಯಾಗಿತ್ತು. ಅವನ ಬೆರಳಿಗೆ ಹತ್ತಿದ ಬೆಂಕಿ ಇನ್ನೂ ಉರಿಯುತ್ತಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ.

ಅವಳೇ ಇಳಿದು ಬಂದು ಒದ್ದೆ ಬಟ್ಟೆ ಸುತ್ತಿದಳು. ಮುಖ ಎತ್ತಲಿಲ್ಲ. “ಹೇಳದ ಹಚ್ಚಿಸಿದ್ರ ಮಾಟ ಬಿಡಂಗಿಲ್ಲ ಅಂದಿದ್ದ ಮಂತ್ರವಾದಿ. ಮೂರು ಸಲ ಬ್ಯಾಡಂದ್ರೂ ಹಚ್ಚಾಂವ ಬೇಕಾಗಿತ್ತು. ಪೊಟ್ಟಣ ನಾನೇ ಇಟ್ಟಿದ್ನೆಪಾ. ತಾಯಿ ಕರುಳು. ಬೈಯಿ ನನ್ನ. ಶಾಪ ಹಾಕು.”

ಬೈಯಬೇಕು ಅನಿಸಿತು. ಸಿಟ್ಟು ಬರಲಿಲ್ಲ.

ರಾಣೆಬೆನ್ನೂರಿನವರೆಗೂ ಕಾರು ತಾನೇ ನಡೆಸಿದ. ಕಾಲು ಬ್ರೇಕಿನ ಮೇಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು. ಆದರೂ ಕ್ಲೋರಿನ್ನಿಗೆ ಚರ್ಮ ಜಡವಾಗಿದೆ, ಬಲಗೈ ಒಂದೇ ತಾನೆ, ನಾಳೆ ಡಾಕ್ಟರಿಗೆ ತೋರಿಸೋಣ ಎಂದು ತನಗೆ ತಾನೇ ಹೇಳಿಕೊಂಡ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದ. ಊರವರ ನೀರು ಕಾಯಿಸುವವನ ಮನೆಯಲ್ಲಿ ಗೀಜರ್ ಕೆಟ್ಟು ತಿಂಗಳಾಗಿತ್ತು. ಸುಧಾರಾಣಿ ಒಲೆಯ ಮೇಲೆ ಕುದಿಸಿದ ನೀರನ್ನು ಬಕೆಟ್ಟಿಗೆ ಸುರಿದು, ಉಕ್ಕುತ್ತಿದ್ದ ಹಾಲು ಇಳಿಸಲು ಓಡಿದ್ದಳು.

“ಅಪ್ಪಾ, ಹದ ನೋಡ ಬಾ!” ಬಚ್ಚಲಿನಿಂದ ಕಾವ್ಯಾ ಕೂಗಿದಳು.

ಬಲಗೈಗೆ ಬಟ್ಟೆ ಇತ್ತು. ಎಡಗೈ ಮೊಣಕೈವರೆಗೆ ಅದ್ದಿದ. ಏನೂ ಇಲ್ಲ. ಉಗುರುಬೆಚ್ಚಗೂ ಇಲ್ಲ. “ತಣ್ಣಗಿದೆಯಲ್ಲ ಪುಟ್ಟಿ,” ಎಂದು ಚೊಂಬು ತುಂಬಿದ. ಮಗಳು ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಚೊಂಬು ಎತ್ತಿದ.

ಕನ್ನಡಿಯ ಮೇಲೆ ಹಬೆ. ಗೋಡೆಯ ಮೇಲೆ ಹಬೆ. ಎತ್ತಿದ ತನ್ನ ತೋಳು ಕಂಡಿತು. ಕೆಂಪಾಗಿತ್ತು. ಚರ್ಮ ಏಳುತ್ತಿತ್ತು. ಬೊಬ್ಬೆ. ಮತ್ತೊಂದು ಬೊಬ್ಬೆ.

ಚೊಂಬನ್ನು ಗೋಡೆಗೆ ಎಸೆದ. ಬಕೆಟ್ ಒದ್ದ. ಮಗಳನ್ನು ಎಳೆದು ಹೊರಗೆ ದೂಡಿದ. ನಾಲ್ಕು ಹನಿ ಅವಳ ಪಾದಕ್ಕೆ ಸಿಡಿದವು, ಅಷ್ಟೇ. ಅವಳು ಪಾದ ನೋಡಿಕೊಳ್ಳಲಿಲ್ಲ. “ಅಪ್ಪಾ, ನಿನ್ನ ಕೈ! ನಿನ್ನ ಕೈಗೇನಾತು?” ಎಂದು ಅವನ ಸೊಂಟ ಅಪ್ಪಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಅವಳು ಅಪ್ಪಿಕೊಂಡದ್ದು ಅವನಿಗೆ ಕಾಣುತ್ತಿತ್ತು. ಇವಳು ಕಾವ್ಯಾ, ತನ್ನ ಮಗಳು, ಇವಳು ಅತ್ತರೆ ತನ್ನ ಕರುಳು ಚುರುಕ್ ಎನ್ನಬೇಕು ಎಂಬುದೂ ಗೊತ್ತಿತ್ತು. ಹೊಗೆ ತೋರಿಸಿ ಅಲಾರಂ ಕೂಗುವುದನ್ನು ಕಾಯುವಂತೆ ಅವನು ಕಾದ. ಒಳಗೆ ಏನೂ ಕೂಗಲಿಲ್ಲ.